ವಿಳಾಸ ವಾಪಸ್ ತರಲು ಹೋದ ಚಲುವ

ಹೊಸಕಟ್ಟೆ ಅನ್ನೋ ಊರಲ್ಲಿ ಒಬ್ಬಳು ಜವರಮ್ಮ, ಅವಳಿಗೊಬ್ಬ ಮಗ ಚಲುವ. ಹೇಳಿದ್ದನ್ನೇ ಮಾಡ್ತಾನೆ, ಹೇಳಿದಷ್ಟೇ ಮಾಡ್ತಾನೆ, ಹೇಳಿದ ಹಾಗೇ ಮಾಡ್ತಾನೆ! ಅದೇ ಜವರಮ್ಮನ ಗೋಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬೈದು ಬೈದು ಸುಸ್ತಾಗಿ ಕೊನೆಗೆ ತಾನೇ ಅನ್ನ ಕಲಸಿ ಕೊಡ್ತಿದ್ದಳು.

ಗಂಡ ಸತ್ತ ಮೇಲೆ ಅವನ ನೆಟ್ ಕೇಬಲ್ ಅಂಗಡೀನ ಅವಳೇ ನಡೆಸ್ತಿದ್ದಳು. ಕಾಗದ ಬರೋಕೆ ಮನೆಗೊಂದು ವಿಳಾಸ ಬೇಕಲ್ಲ, ಹಾಗೇ ನೆಟ್ಟು ಬರೋಕೂ ಒಂದು ವಿಳಾಸ ಬೇಕು. ಮೇಲಿನ ಆಫೀಸಿನವರು ಇವಳಿಗೆ ಒಂದು ಕಂತೆ ವಿಳಾಸ ಕೊಟ್ಟಿದ್ದರು, ಇವಳು ಮನೆಮನೆಗೆ ಹಂಚಿದ್ದಳು. ಈಗ ನೋಡಿ, ಲೋಕದಲ್ಲಿ ವಿಳಾಸಕ್ಕೇ ಬರ ಬಂತು! ಮೇಲಿನ ಆಫೀಸಿನಿಂದ ಫೋನು ಬಂತು.

“ಬಳಸದೆ ಬಿದ್ದಿರೋ ವಿಳಾಸ ಎಲ್ಲಾ ವಾಪಸ್! ಶನಿವಾರ ಸಾಹೇಬ್ರು ನೋಡೋಕೆ ಬರ್ತಾರೆ. ಸುಮ್ಮನೆ ಬಿದ್ದಿರೋವು ಸಿಕ್ಕಿದರೆ ಇಡೀ ಕಂತೇನೇ ಕಿತ್ಕೋತಾರೆ!”

ಕಂತೆ ಹೋದರೆ ಅಂಗಡಿಗೆ ಬೀಗ, ಬೀಗ ಬಿದ್ದರೆ ಗಂಜಿಗೂ ಗತಿಯಿಲ್ಲ. ಜವರಮ್ಮನಿಗೋ ಮಂಡಿನೋವು, ಊರು ಸುತ್ತೋಕಾಗಲ್ಲ.

“ಲೋ ಚಲುವ, ಮನೆಮನೆಗೂ ಹೋಗ್ಲಾ. ನೆಟ್ ಡಬ್ಬೀಲಿ ದೀಪ ಮಿಣಮಿಣ ಅಂತಿದ್ರೆ ಬಿಡು. ಅನ್ನದಿದ್ರೆ ಯಾರೂ ಬಳಸ್ತಿಲ್ಲ ಅಂತ. ಕಿತ್ಕೊಂಡು ಬಾ. ಡಬ್ಬಿ ಬಂದ್ರೆ ವಿಳಾಸವೂ ಬಂತು!”

“ಆಯ್ತವ್ವ!”

ಕುಂಬಾರ ಬೀದಿಗೆ ಹೋದ. ಮೊದಲ ಮನೇಲಿ ದೀಪ ಇಲ್ಲ. ಕಿತ್ತ! ಪಕ್ಕದ ಮನೇಲೂ ಇಲ್ಲ. ಕಿತ್ತ! ಎದುರು ಮನೇಲೂ ಇಲ್ಲ. ಅದನ್ನೂ ಕಿತ್ತ! ಬೀದಿಗೆ ಬೀದೀನೇ ಕಿತ್ತು, ಮೂಟೆ ಕಟ್ಟಿ, ಹೊತ್ಕೊಂಡು ಬಂದ. ಹಿಂದೆ ಬೀದಿಯವರೆಲ್ಲ ಪೊರಕೆ ಹಿಡ್ಕೊಂಡು ಬಂದರು.

“ಅಯ್ಯೋ ಪೆದ್ದ ಮುಂಡೇದೇ! ಕರೆಂಟ್ ಹೋಗಿತ್ತು ಕಣ್ಲಾ! ದೀಪ ಹೆಂಗ್ಲಾ ಉರೀತದೆ?” ಅಂತ ಜವರಮ್ಮ ಬೈದಳು.

“ಕರೆಂಟಿನ ವಿಷಯ ನೀನು ಹೇಳ್ಲೇ ಇಲ್ವಲ್ಲವ್ವ!”

“ದೇವರು ಬಾಯಿ ಕೊಟ್ಟಿರೋದು ಯಾತಕ್ಲಾ? ಕೀಳೋಕೆ ಮುಂಚೆ ‘ಬಳಸ್ತಿದ್ದೀರಾ’ ಅಂತ ಕೇಳ್ಬೇಕು. ಇಲ್ಲ ಅಂದ್ರೆ ಕೀಳ್ಬೇಕು!”

“ಆಯ್ತವ್ವ!”

ಮಾರನೇ ದಿನ ಗಿರಣಿ ನಂಜೇಗೌಡರ ಮನೆಗೆ ಹೋದ. ಗೌಡರು ಬಚ್ಚಲಲ್ಲಿದ್ದರು. ಚಲುವ ಬಚ್ಚಲ ಬಾಗಿಲನ್ನೇ ಬಡಿದ.

“ಗೌಡ್ರೇ, ನೆಟ್ಟು ಬಳಸ್ತಿದ್ದೀರಾ?”

“ಮೈಯೆಲ್ಲಾ ಸೋಪು ಕಣ್ಲಾ! ಈಗ್ಯಾವ ನೆಟ್ಟು?”

“ಬಳಸ್ತಿಲ್ಲ ತಾನೇ?”

“ಇಲ್ಲ, ಹೋಗ್ಲಾ ಅತ್ಲಾಗೆ!”

ಇಲ್ಲ ಅಂದರಲ್ಲ, ಕಿತ್ತೇಬಿಟ್ಟ! ಗೌಡರು ಟವೆಲ್ ಸುತ್ಕೊಂಡು, ಕಿವೀಲಿ ನೊರೆ ಇಟ್ಕೊಂಡೇ ಅಂಗಡಿವರೆಗೂ ಅಟ್ಟಿಸ್ಕೊಂಡು ಬಂದರು. ಊರ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಜವರಮ್ಮನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಲ್ಲಾ ಕಣ್ಲಾ, ಇಲ್ಲ ಅಂದ ತಕ್ಷಣ ಕೀಳ್ತಾರಾ? ‘ಒಂದು ತಿಂಗಳು ಟೈಮ್ ಕೊಡ್ತೀನಿ’ ಅನ್ಬೇಕು! ಟೈಮ್ ಕೊಟ್ಟಿದ್ದೀವಿ ಅಂತ ಸಾಹೇಬ್ರಿಗೆ ಹೇಳಿದ್ರಾಯ್ತು. ತಿಂಗಳು ತುಂಬೋವರ್ಗೂ ಮುಟ್ಟಬಾರದು!”

“ಆಯ್ತವ್ವ!”

ಶುಕ್ರವಾರ ಜವರಮ್ಮ ಮಂಡಿಗೆ ಎಣ್ಣೆ ತರೋಕೆ ಹೋಗಿದ್ದಳು. ಆಗ ಲಾಡ್ಜಿನ ಶಿವಮಲ್ಲಪ್ಪ ರೂಮಿಗೊಂದರಂತೆ ಇದ್ದ ಡಬ್ಬಿಗಳನ್ನೆಲ್ಲ ಬುಟ್ಟೀಲಿ ತುಂಬ್ಕೊಂಡು ತಾನಾಗೇ ಬಂದ!

“ತಗೊಳಪ್ಪ ಚಲುವ. ಲಾಡ್ಜು ಮುಚ್ಚಿ ವರ್ಷ ಆಯ್ತು. ನಂಗ್ಯಾಕೆ ಇವೆಲ್ಲ?”

“ಮುಟ್ಟಲ್ಲ! ಒಂದು ತಿಂಗಳು ಟೈಮ್ ಕೊಡ್ತೀನಿ!”

“ನಂಗೆ ಟೈಮ್ ಬೇಡ ಕಣಯ್ಯ!”

“ಬೇಡ ಅಂದ್ರೂ ಕೊಡ್ತೀನಿ!”

ಶಿವಮಲ್ಲಪ್ಪ ಕೈಮುಗಿದು, ಬುಟ್ಟಿ ವಾಪಸ್ ಒಯ್ದು, ಲಾಡ್ಜಿಗೆ ಬೀಗ ಜಡಿದು, ಮಗಳ ಊರಿಗೆ ಬಸ್ ಹತ್ತಿದ. ವಿಷಯ ಕೇಳಿದ ಜವರಮ್ಮ ಹಣೆ ಹಣೆ ಚಚ್ಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ನಾಳೆಯೇ ಸಾಹೇಬರು! ನಿಜವಾಗಿ ಕಣ್ಣೀರೇ ಬಂತು ಅವಳಿಗೆ.

“ಖಾಲಿ ನಿಂತಿರೋದಕ್ಕೆ ಟೈಮ್ ಯಾಕ್ಲಾ? ಖಾಲಿ ಕಂಡ್ರೆ ಕೇಳ್ಬೇಡ, ಕಾಯ್ಬೇಡ! ತಗೊಂಡು, ಕಾದು ನಿಂತಿರೋರಿಗೆ ಕೊಟ್ಬಿಡು!”

“ಆಯ್ತವ್ವ! ಅಳ್ಬೇಡವ್ವ!”

ಶನಿವಾರ ಬಂತು. ಸಾಹೇಬರು ತಾವೇ ಜೀಪು ಓಡಿಸ್ಕೊಂಡು ಬಂದರು. ಅವಸರದಲ್ಲಿ ಕೀಲಿಯನ್ನ ಜೀಪಲ್ಲೇ ಬಿಟ್ಟು ಒಳಗೆ ನುಗ್ಗಿದರು. ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ವಿಳಾಸ ನೋಡಿದರು. ನೋಡಿ ನೋಡಿ ಲಾಡ್ಜಿನ ವಿಳಾಸಗಳಿಗೆ ಬಂದದ್ದೇ ಮೇಜು ಗುದ್ದಿದರು.

“ಏನಮ್ಮಾ ಇದು! ವರ್ಷದಿಂದ ಸುಮ್ನೆ ಬಿದ್ದಿವೆ! ಇಡೀ ಕಂತೆ ವಾಪಸ್! ಈಗಲೇ!”

ಗಂಡನ ಅಂಗಡಿ, ಮಗನ ಅನ್ನ, ಎಲ್ಲಾ ಹೋಯ್ತು ಅಂತ ಜವರಮ್ಮ ಗೋಡೆ ಹಿಡ್ಕೊಂಡು ನಿಂತಳು. ಅಷ್ಟರಲ್ಲಿ ಹೊರಗಡೆ ಎಲ್ಲೋ ಹೋಗಿದ್ದ ಚಲುವ ಏದುಸಿರು ಬಿಡ್ತಾ ಓಡಿ ಬಂದ.

“ಹಂಗೆಲ್ಲ ಕೀಳಂಗಿಲ್ಲ ಸಾಹೇಬ್ರೇ! ‘ಬಳಸ್ತಿದ್ದೀರಾ’ ಅಂತ ಕೇಳಿದ್ರಾ? ಒಂದು ತಿಂಗಳು ಟೈಮ್ ಕೊಟ್ರಾ?”

ಸಾಹೇಬರು ಕಣ್ಣು ಕಣ್ಣು ಬಿಟ್ಟರು. ತಲೆ ಕೆರ್ಕೊಂಡರು. “ಹೌದಲ್ಲಯ್ಯ! ನಮ್ಮ ರೂಲೇ ಹಂಗಿದೆ. ಮೊದಲು ಕೇಳ್ಬೇಕು, ಟೈಮ್ ಕೊಡ್ಬೇಕು. ಆಯ್ತಮ್ಮ, ಒಂದು ತಿಂಗಳು ತಗೊಳ್ಳಿ. ಅಷ್ಟರೊಳಗೆ ಲಾಡ್ಜಿನ ವಿಳಾಸ ಎಲ್ಲಾ ಬೇರೆಯೋರಿಗೆ ಕೊಟ್ಬಿಡಿ. ಭಲೇ ಮಗನಮ್ಮ ನಿಮ್ಮೋನು!”

ಅಬ್ಬಾ! ಜವರಮ್ಮನಿಗೆ ಹೋದ ಜೀವ ಬಂದ ಹಾಗಾಯ್ತು! ಹುಟ್ಟಿದಾಗಿನಿಂದ ಬೈಸ್ಕೊಂಡ ಮಗನ ತಲೆ ಸವರಿ, “ನನ್ನ ರಾಜ!” ಅಂದಳು. ಖುಷೀಲಿ ಮಂಡಿನೋವೇ ಮರೆತು ಸಾಹೇಬರನ್ನ ಬೀಳ್ಕೊಡೋಕೆ ಬಾಗಿಲವರೆಗೂ ಬಂದಳು.

ಬಾಗಿಲಲ್ಲಿ ಜೀಪಿಲ್ಲ.

“ನನ್ನ ಜೀಪೆಲ್ಲಿ?!”

“ಖಾಲಿ ನಿಂತಿತ್ತು ಸಾಹೇಬ್ರೇ!” ಅಂದ ಚಲುವ, ಎದೆ ಉಬ್ಬಿಸ್ಕೊಂಡು. “ಬಸ್ ಸ್ಟ್ಯಾಂಡಲ್ಲಿ ಮದುವೆ ದಿಬ್ಬಣದೋರು ಕಾದು ನಿಂತಿದ್ರು, ಓಡಿಹೋಗಿ ಕರ್ಕೊಂಡು ಬಂದೆ. ಕೇಳ್ಲಿಲ್ಲ, ಕಾಯ್ಲಿಲ್ಲ, ಕೊಟ್ಬಿಟ್ಟೆ! ಮದುಮಗ ಎಷ್ಟು ಚೆನ್ನಾಗಿ ಓಡಿಸ್ಕೊಂಡು ಹೋದ ಗೊತ್ತಾ!”

“ಲೋ! ಹೋಗಿ ಈಗಲೇ ವಾಪಸ್ ತಗೊಂಡು ಬಾರೋ!” ಅಂತ ಸಾಹೇಬರು ಅರಚಿದರು.

ಚಲುವ ಅವ್ವನ ಮುಖ ನೋಡಿದ. ಅವ್ವ ಸೆರಗಲ್ಲಿ ಮುಖ ಮುಚ್ಕೊಂಡಿದ್ದಳು. ಅವನು ಸಾಹೇಬರ ಕಡೆ ತಿರುಗಿ, ಬುದ್ಧಿ ಹೇಳೋರ ಹಾಗೆ ಹೇಳಿದ:

“ಹಂಗೆಲ್ಲ ಆಗಲ್ಲ ಸಾಹೇಬ್ರೇ. ಅವ್ರಿಗೂ ಒಂದು ತಿಂಗಳು ಟೈಮ್ ಕೊಡ್ಬೇಕು!”