ಉಜ್ಜಿ ತೊಳೆದ ಮದ್ದಳೆ

"ಗುರುಗಳೇ, ಮನುಷ್ಯನ ಒಳಗಿನ ಶತ್ರುಗಳು ಒಟ್ಟು ಎಷ್ಟು?" ಎಂದು ಪರ್ವತಯ್ಯ ಕೇಳಿದ.

ಕೇಳಿದವನ ಕೈಯಲ್ಲಿ ಬಟ್ಟೆಯ ಗಂಟು ಇತ್ತು. ಉತ್ತರ ಸಿಗದಿದ್ದರೆ ಆ ದಿನವೇ ಮಠ ಬಿಟ್ಟು ಊರಿಗೆ ಹೋಗುವುದೆಂದು ಅವನು ನಿಶ್ಚಯಿಸಿಕೊಂಡು ಬಂದಿದ್ದ.

ಮೂರು ವರ್ಷ ಅವನೇನೂ ಸುಮ್ಮನೆ ಕುಳಿತಿರಲಿಲ್ಲ. ಶಾಸ್ತ್ರಿಗಳನ್ನು ಕೇಳಿದ್ದ, ಅವರು ಕಾಮ ಕ್ರೋಧ ಮೊದಲಾಗಿ ಆರು ಎಂದಿದ್ದರು. ಜೈನ ಮುನಿಗಳು ಆತ್ಮಕ್ಕೆ ಅಂಟುವ ಕಷಾಯಗಳು ನಾಲ್ಕು ಎಂದರು. ದಾರಿಯಲ್ಲಿ ಸಿಕ್ಕ ಬೌದ್ಧ ಭಿಕ್ಷು ಮನಸ್ಸಿಗೆ ಕವಿಯುವ ಮುಸುಕುಗಳು ಐದು ಎಂದರು. ದರ್ಗಾದ ಫಕೀರರು ನಕ್ಕು, ಇರುವುದು ಒಂದೇ, ಅದರ ಹೆಸರು 'ನಾನು' ಎಂದರು. ಯಾರ ಮಾತನ್ನೂ ತೆಗೆದುಹಾಕಬಾರದೆಂದು ಪರ್ವತಯ್ಯ ಎಲ್ಲವನ್ನೂ ಕೂಡಿಸಿ ಹದಿನಾರು ಮಾಡಿಕೊಂಡ. ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಹದಿನಾರು ಗೆರೆ ಎಳೆದು, ಒಂದೊಂದನ್ನೇ ಅಳಿಸಲು ಕುಳಿತ.

ಕೋಪ ಬರಬಾರದೆಂದು ಜನರೊಡನೆ ಮಾತು ಬಿಟ್ಟ. ಆಸೆ ಹುಟ್ಟಬಾರದೆಂದು ಊಟದಲ್ಲಿ ಉಪ್ಪು ಬಿಟ್ಟ. ಮೊದಲೆಲ್ಲ ಬೆಳಗ್ಗೆ ಬಾವಿಯಲ್ಲಿ ನೀರು ಸೇದುವಾಗ ಬಾಯ್ತುಂಬ ಹಾಡುತ್ತಿದ್ದ; ಕಂಠ ಚೆನ್ನಾಗಿದೆ ಎಂದು ಯಾರೋ ಹೊಗಳಿದ ದಿನ, ಇದು ಮದವೇ ಸರಿ ಎಂದು ಅದನ್ನೂ ಬಿಟ್ಟ. ಇಷ್ಟೆಲ್ಲ ಬಿಟ್ಟು ಧ್ಯಾನಕ್ಕೆ ಕುಳಿತರೆ ಒಳಗೆ ಬರೀ ಸಪ್ಪೆ. ಅಳಿಸಿದ ಗೆರೆಯನ್ನು ವಾರ ಕಳೆಯುವುದರೊಳಗೆ ಮತ್ತೆ ಎಳೆಯಬೇಕಾಗುತ್ತಿತ್ತು. ಅವನಿಗೆ ತನ್ನ ಮೇಲೆ ತನಗೇ ಬೇಸರ ಬಂದಿತ್ತು.

ಗುರುಗಳು ಗಂಟನ್ನೂ ನೋಡಿದರು, ಮುಖವನ್ನೂ ನೋಡಿದರು. ಗಂಟು ಕೆಳಗಿಟ್ಟು ಕೂರಲು ಹೇಳಿ, ಕತೆ ಶುರು ಮಾಡಿದರು.

ಒಬ್ಬ ಮದ್ದಳೆಗಾರನಿದ್ದ. ಮಗನಿಗೆ ಕಂಚುಗಾರರ ಮನೆಯಿಂದ ಹೆಣ್ಣು ತಂದ. ಆ ಹುಡುಗಿ ಹುಟ್ಟಿದಾಗಿನಿಂದ ಕಂಡದ್ದು ಒಂದೇ ಕೆಲಸ, ಕಪ್ಪು ಕಂಡಲ್ಲಿ ಉಜ್ಜುವುದು. ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ಇಷ್ಟು ಸಿಕ್ಕಿದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಗಂಡನ ಮನೆಗೆ ಬಂದ ಮೂರನೆಯ ದಿನಕ್ಕೆ ಅಲ್ಲಿನ ಚೊಂಬು ತಂಬಿಗೆಗಳಲ್ಲಿ ಮುಖ ನೋಡಿಕೊಳ್ಳಬಹುದಾಗಿತ್ತು. ಅತ್ತೆ ಬೀದಿಯವರನ್ನೆಲ್ಲ ಕರೆದು ತೋರಿಸಿದಳು.

ನಾಲ್ಕನೆಯ ದಿನ ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಸೊಸೆಯ ಕಣ್ಣು ಮೂಲೆಯ ಮದ್ದಳೆಯ ಮೇಲೆ ಬಿತ್ತು. ಬಿಳಿ ಚರ್ಮದ ನಟ್ಟನಡುವೆ ಅಂಗೈಯಗಲ ಕಪ್ಪು. ಇಷ್ಟು ದೊಡ್ಡ ವಾದ್ಯಗಾರನಿಗೆ ಒಂದು ಕಲೆ ತೊಳೆದುಕೊಡುವವರಿಲ್ಲವಲ್ಲ ಎಂದು ಮಾವನ ಮೇಲೆ ಮರುಕ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಕಲೆ ಸುಲಭಕ್ಕೆ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚರ್ಮ ಬೆಳ್ಳಗಾಯಿತು.

ಸಂಜೆ ಮಾವ ಬಂದು ಮದ್ದಳೆಯನ್ನು ತೊಡೆಯ ಮೇಲಿಟ್ಟು ಬಾರಿಸಿದ. ಅದು ಡಬ್ ಎಂದಿತು. ಇನ್ನೊಮ್ಮೆ ಬಾರಿಸಿದ. ಮತ್ತೆ ಡಬ್. ಇನ್ನು ಐದು ದಿನಕ್ಕೆ ಒಂದು ಮದುವೆಯಲ್ಲಿ ಆ ಮದ್ದಳೆ ನುಡಿಯಬೇಕಿತ್ತು, ಮನೆಯಲ್ಲಿದ್ದದ್ದು ಅದೊಂದೇ. ಅತ್ತೆ ಎದೆ ಬಡಿದುಕೊಂಡಳು. ಅದು ಕೊಳೆಯಲ್ಲ, ಅದಕ್ಕೆ ಕರಣೆ ಎನ್ನುತ್ತಾರೆ, ನಾದ ಹುಟ್ಟುವುದೇ ಅದರಿಂದ ಎಂದು ಹುಡುಗಿಗೆ ಆಗ ತಿಳಿಯಿತು. ಅವಳು ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟಿ ತಂದಳು. ತನ್ನ ಕೈಯೇ ಸರಿಯಿಲ್ಲ, ತವರಿಗೆ ಕಳುಹಿಸಿಬಿಡಿ ಎಂದು ತಲೆ ತಗ್ಗಿಸಿ ನಿಂತಳು.

ಮಾವ ಮದ್ದಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಹಳೆಯ ಕರಣೆಯ ಒಂದು ಚೂರೂ ಉಳಿದಿರಲಿಲ್ಲ. ಅವನಿಗೆ ತಡೆಯಲಾರದಷ್ಟು ನಗು ಬಂತು.

"ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಮಗಳೇ, ಹಳೇ ಕರಣೇನ ಇಷ್ಟು ಚೆನ್ನಾಗಿ ತೆಗೆದೋರನ್ನ ನಾನು ಕಂಡಿಲ್ಲ. ಆ ಗಂಟು ಬಿಚ್ಚಿಡು. ಒಂದು ಹಿಡಿ ಅಕ್ಕಿ ಬೇಯಿಸು."

ಅವನು ಕಮ್ಮಾರ ಎಸೆದಿದ್ದ ಕಬ್ಬಿಣದ ಕಿಟ್ಟವನ್ನು ಆಯ್ದು ತಂದು ನುಣ್ಣಗೆ ಕುಟ್ಟಿದ. ಅನ್ನದ ಜೊತೆ ಅರೆದು ಹದ ಮಾಡಿ, ಚರ್ಮದ ನಡುವೆ ತೆಳ್ಳಗೆ ಒಂದು ಪದರ ಹಚ್ಚಿದ. ಅದರ ಮೇಲೆ ಉಜ್ಜಲು ಅವಳ ಕೈಗೆ ಒಂದು ನುಣುಪು ಕಲ್ಲು ಕೊಟ್ಟ. ಹುಡುಗಿ ಹಿಂದೆ ಸರಿದಳು. ಉಜ್ಜಿದರೆ ಮತ್ತೆ ಹೋಗಿಬಿಡುವುದಿಲ್ಲವೇ ಎಂದು ಕೇಳಿದಳು.

"ನಿಮ್ಮ ಮನೇಲಿ ಉಜ್ಜಿದ್ರೆ ಕಪ್ಪು ಹೋಗತ್ತೆ. ನಮ್ಮ ಮನೇಲಿ ಉಜ್ಜಿದ್ರೆ ಕಪ್ಪು ಕೂರತ್ತೆ. ಕೈ ಅದೇ ತಾಯಿ, ಉಜ್ಜು."

ಅವಳು ಉಜ್ಜಿದಳು. ಒಂದು ಪದರ ಒಣಗಿದರೆ ಮೇಲೊಂದು ಪದರ, ಮತ್ತೆ ಉಜ್ಜುವುದು, ನಾಲ್ಕು ದಿನ ಇದೇ ಕೆಲಸ. ಪ್ರತಿ ಪದರಕ್ಕೂ ಮಾವ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದ, ಅವಳಿಂದಲೂ ತಟ್ಟಿಸುತ್ತಿದ್ದ. ನಾಲ್ಕನೆಯ ದಿನ ಮದ್ದಳೆ ಧೀಂ ಎಂದಿತು. ಅತ್ತೆ ಒಲೆಯ ಮುಂದಿನಿಂದ ಎದ್ದು ಓಡಿಬಂದಳು. ಮದುವೆಮನೆಯಲ್ಲಿ ಜನ ಎಲೆಯ ಮುಂದೆ ಕುಳಿತವರು ಉಣ್ಣುವುದು ಮರೆತು ಕೇಳಿದರು. ನಾದ ನನ್ನ ಸೊಸೆಯದು, ಬಡಿಯುವುದಷ್ಟೇ ನನ್ನದು ಎಂದು ಮದ್ದಳೆಗಾರ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

ಗುರುಗಳು ಕತೆ ಮುಗಿಸಿದಾಗ ಪರ್ವತಯ್ಯ ನಗುತ್ತಿದ್ದ. ಅವನು ನಕ್ಕು ಬಹಳ ದಿನಗಳಾಗಿದ್ದವು, ಅವನಿಗೇ ಅದು ಹೊಸದೆನಿಸಿತು. ಆದರೂ ಹದಿನಾರು ಗೆರೆ ಎಳೆದ ಮನುಷ್ಯ, ಅಷ್ಟಕ್ಕೆ ಸುಮ್ಮನಾಗುವವನೇ? ಹಾಗಾದರೆ ತನ್ನೊಳಗಿನ ಹದಿನಾರರಲ್ಲಿ ಕೊಳೆ ಯಾವುದು, ಕರಣೆ ಯಾವುದು ಎಂದು ತಿಳಿಯುವುದು ಹೇಗೆ ಎಂದು ಕೇಳಿದ.

ಅದಕ್ಕೆ ಗುರುಗಳು ಹೇಳಿದ್ದು ಒಂದೇ ಮಾತು. 

"ನೀನು ಬಾವಿಯ ಬಳಿ ಹಾಡು ನಿಲ್ಲಿಸಿದಂದಿನಿಂದ ನಮ್ಮ ಮಠ ಬರೀ ಡಬ್ ಎನ್ನುತ್ತಿದೆ, ಪರ್ವತಯ್ಯ."