ಅರಿಸಿನದ ಗೋದಾಮಿನ ನೆಲ

೨೦೧೯ರ ಜನವರಿ ೭, ಸೋಮವಾರ. ಬೆಳಿಗ್ಗೆ ಎಂಟರವರೆಗೆ ಮಂಜು, ಆಮೇಲೆ ಎಳೆಬಿಸಿಲು. ಗಾಳಿ ಇರಲಿಲ್ಲ.

ಕಪಿಲಾ ನದಿಯ ದಂಡೆಯಲ್ಲಿದ್ದ ಒಂದು ಆಶ್ರಮದಲ್ಲಿ ಗುರುಗಳು ಷಡಕ್ಷರಿಯನ್ನು ಕರೆದರು. ಷಡಕ್ಷರಿ ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಇನ್ನೂ ದೀಕ್ಷೆಯಾಗಿರಲಿಲ್ಲ. ಅಂಥವರನ್ನು ಆ ಕಡೆಯವರು ಮರಿದೇವರು ಎನ್ನುತ್ತಾರೆ.

ಆಶ್ರಮಕ್ಕೆ ಒಂದು ಗೋದಾಮು ಇತ್ತು. ಸುತ್ತಲಿನ ರೈತರು ಅರಿಸಿನ ಬೇಯಿಸಿ ಒಣಗಿಸಿ ಮೂಟೆ ಕಟ್ಟಿ ಅಲ್ಲಿ ಇಡುತ್ತಿದ್ದರು. ಅವರು ಕೊಡುವ ಬಾಡಿಗೆಯಲ್ಲಿ ಆಶ್ರಮದ ಊಟ ನಡೆಯುತ್ತಿತ್ತು. ನೂರ ಎಂಬತ್ತು ಅಡಿ ಉದ್ದ, ನೂರ ಇಪ್ಪತ್ತು ಅಡಿ ಅಗಲ, ಕಾಂಕ್ರೀಟ್ ನೆಲ. ಅದನ್ನು ಇಪ್ಪತ್ತು ವರ್ಷದಿಂದ ಗುಡಿಸುತ್ತಿದ್ದವಳು ಚಿಕ್ಕತಾಯಮ್ಮ.

ಅವಳಿಗೆ ದಮ್ಮು ಹತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮೈಸೂರಿನ ಡಾಕ್ಟರು ಇನ್ನು ದೂಳು ಕೂಡದು ಎಂದಿದ್ದರು.

ಅಡಿಗೆಮನೆಯ ಕೆಲಸಕ್ಕೆ ಹೋಗು ಎಂದು ಗುರುಗಳು ಹೇಳಿ ನೋಡಿದ್ದರು. ಅಲ್ಲಿ ಹೊಗೆಗಿಂತ ಮಾತು ಜಾಸ್ತಿ, ಒಲ್ಲೆ ಎಂದಳು. ಸುಮ್ಮನೆ ಕೂತು ಉಣ್ಣು ಎಂದರು. ಪೊರಕೆ ಕಿತ್ತುಕೊಂಡ ದಿನವೇ ಗಂಟು ಕಟ್ಟುತ್ತೇನೆ ಎಂದಳು. ಗಂಟು ಕಟ್ಟಿ ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಇಷ್ಟನ್ನೂ ಹೇಳಿ ಗುರುಗಳು ಅಂದರು: “ಅವಳು ಗೋದಾಮಿನಲ್ಲೇ ಇರಬೇಕು. ಉಸಿರೂ ಆಡಬೇಕು. ಆ ನೆಲವನ್ನು ಯಾವುದರಿಂದ ಶುಚಿ ಮಾಡಬಹುದು, ನೋಡಿ ಆರಿಸು.”

ಷಡಕ್ಷರಿಗೆ ಸಂತೋಷವಾಯಿತು. ಅವನೊಬ್ಬನಿಗೇ ಎಂದು ಗುರುಗಳು ಒಪ್ಪಿಸಿದ ಮೊದಲ ಕೆಲಸ ಅದು.

ಅವನು ಮೈಸೂರಿಗೆ ಮೂರು ಸಲ ಹೋದ. ತಳ್ಳಿಕೊಂಡು ಗುಡಿಸುವ ಯಂತ್ರ ನೋಡಿದ. ದೂಳನ್ನು ಹೀರುವ ಯಂತ್ರ ನೋಡಿದ. ನೀರು ಬಿಟ್ಟು ಉಜ್ಜಿ, ಹಿಂದಿನಿಂದ ಕೊಳೆನೀರನ್ನು ತಾನೇ ಹೀರಿಕೊಂಡು ಹೋಗುವ ಯಂತ್ರವೂ ಇತ್ತು. ಅದರಲ್ಲಿ ನಡೆದು ತಳ್ಳುವುದು ಒಂದು ಬಗೆ, ಮೇಲೆ ಕೂತು ಓಡಿಸುವುದು ಇನ್ನೊಂದು ಬಗೆ. ಯಾವುದು ಗಂಟೆಗೆ ಎಷ್ಟು ಜಾಗ ಮುಗಿಸುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕಂಬಗಳ ನಡುವೆ ತಿರುಗುತ್ತದೆಯೇ, ಬ್ರಷ್ಷು ಎಷ್ಟು ದಿನಕ್ಕೆ ಸವೆಯುತ್ತದೆ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡ. ಹನ್ನೊಂದು ಪುಟವಾಯಿತು.

ಗುರುಗಳು ಹನ್ನೊಂದು ಪುಟವನ್ನೂ ಓದಿದರು. ಅವಸರ ಮಾಡಲಿಲ್ಲ.

“ಕಸ ಯಾವುದು?” ಎಂದು ಕೇಳಿದರು.

“ಅರಿಸಿನದ ದೂಳು, ಬುದ್ಧಿ. ಲಾರಿಯ ಮಣ್ಣು. ಗೋಣಿಯ ನಾರು.”

“ನೋಡಿದ್ದೀಯಾ?”

“ಎಲ್ಲರೂ ಹಾಗೇ ಹೇಳುತ್ತಾರೆ.”

ಗುರುಗಳು ಪುಸ್ತಕವನ್ನು ವಾಪಸು ಕೊಟ್ಟರು.

ಷಡಕ್ಷರಿ ಹೋಗಿ ಹಮಾಲರನ್ನು ಕೇಳಿದ. ಅರಿಸಿನದ ಗೋದಾಮಿನಲ್ಲಿ ಅರಿಸಿನದ ದೂಳಲ್ಲದೆ ಸಕ್ಕರೆ ಇರುತ್ತದಾ ಎಂದು ಅವರು ನಕ್ಕರು. ಅವನಿಗೆ ಅದು ಸರಿ ಎನಿಸಿತು. ಗೋದಾಮು ಖಾಲಿಯಾಗಿ ಎರಡು ತಿಂಗಳಾಗಿತ್ತು, ಬಾಗಿಲು ಹಾಕಿತ್ತು, ಆದರೂ ಚಿಕ್ಕತಾಯಮ್ಮ ವಾರಕ್ಕೆ ಎರಡು ಬುಟ್ಟಿ ದೂಳು ಹೊರಗೆ ಚೆಲ್ಲುತ್ತಿದ್ದಳು. ಅದು ಅವನ ಕಣ್ಣಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ.

ಗುರುಗಳಿಗೆ ಯಂತ್ರವೆಂದರೆ ಆಗದೇನೋ ಎಂದುಕೊಂಡ. ಕಣ್ಣಾರೆ ನೋಡಿದರೆ ಒಪ್ಪಿಯಾರು ಎಂದು ಅಂಗಡಿಯವರಿಗೆ ಫೋನು ಮಾಡಿದ.

ಎರಡು ದಿನ ಬಿಟ್ಟು ಅಂಗಡಿಯ ಲಾರೆನ್ಸ್ ಎಂಬಾತ ಸಣ್ಣ ಲಾರಿಯಲ್ಲಿ ಒಂದು ಯಂತ್ರ ತಂದ. ಕೂತು ಓಡಿಸುವಂಥದು. ಗೋದಾಮಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಓಡಿಸಿ ತೋರಿಸಿದ. ಹೋದಲ್ಲೆಲ್ಲ ನೆಲ ಕಪ್ಪಗೆ ಹೊಳೆಯಿತು.

ಲಾರೆನ್ಸ್ ಚಿಕ್ಕತಾಯಮ್ಮನನ್ನು ಕರೆದು, “ಇನ್ಮೇಲೆ ರಾಣಿ ಥರ ಕೂತ್ಕೊಂಡು ಗುಡಿಸ್ಬಹುದು ಅಮ್ಮಾ” ಎಂದ.

“ಕೂತ್ಕೊಂಡು ಗುಡಿಸೋರ್ನ ನಾ ಎಲ್ಲೂ ಕಂಡಿಲ್ಲ ಕಣಪ್ಪ” ಎಂದಳು ಅವಳು. “ಅದಿರ್ಲಿ, ಮೂಲೇಗೆ ಇದರ ಮೂತಿ ಹೋಯ್ತದಾ?”

ಮೂತಿ ಹೋಗುತ್ತಿರಲಿಲ್ಲ. ಮೂಲೆಗೆ ಬೇರೆ ಸಣ್ಣ ಯಂತ್ರವಿದೆ ಎಂದು ಲಾರೆನ್ಸ್ ಹೇಳಿದ. ಹಾಗಾದರೆ ಇದಕ್ಕೊಂದು ಮರಿಯೂ ಬೇಕು ಎಂದು ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಲಾರೆನ್ಸ್ ಬೇರೆ ಕಡೆ ನೋಡುತ್ತ ನಿಂತಿದ್ದ.

ಗುರುಗಳು ಬಂದು ಬಾಗಿಲಲ್ಲಿ ನಿಂತರು. ಹೊಳೆಯುವ ನೆಲವನ್ನು ನೋಡಿದರು.

“ಒಣಗಲಿ” ಎಂದು ಹೇಳಿ ಹೋದರು.

ಮಾರನೆಯ ಬೆಳಿಗ್ಗೆ ಷಡಕ್ಷರಿ ಬಾಗಿಲು ತೆರೆದ. ನೆಲ ಒಣಗಿತ್ತು. ಬಗ್ಗಿ ಬೆರಳಿನಿಂದ ಎಳೆದ. ಬೆರಳಿಗೆ ದೂಳು ಹತ್ತಿತು. ಯಂತ್ರ ಓಡದ ಕಡೆ ಹೋಗಿ ಹಾಗೇ ಎಳೆದು ನೋಡಿದ. ಅಲ್ಲಿಗಿಂತ ಯಂತ್ರ ಓಡಿದ ಕಡೆಯೇ ಹೆಚ್ಚಿತ್ತು.

ಲಾರೆನ್ಸ್‌ಗೆ ಫೋನು ಮಾಡಿದ. ಬ್ರಷ್ಷು ಮೆತ್ತಗಿತ್ತು, ಗಟ್ಟಿ ಬ್ರಷ್ಷಿನ ದೊಡ್ಡ ಯಂತ್ರ ಬೇಕಾಗಬಹುದು ಎಂದ ಅವನು. ಬೆಲೆ ಒಂದೂವರೆ ಪಟ್ಟು. ಷಡಕ್ಷರಿ ಗುರುಗಳ ಬಳಿಗೆ ಹೋಗಿ, ದೊಡ್ಡದನ್ನೇ ತರಿಸೋಣವೇ ಎಂದು ಕೇಳಿದ.

ಗುರುಗಳು ಒಳಗೆ ಹೋಗಿ ಒಂದು ಕರಿಯ ಬಟ್ಟೆಯ ತುಂಡು ತಂದರು.

“ಹಿಂದಿನ ಗೋಡೆಯ ಹತ್ತಿರ, ಮೂಟೆ ಇಡದ ಕಡೆ, ಒಂದು ಮೊಳ ಉದ್ದ ಒಂದು ಮೊಳ ಅಗಲ ಗೆರೆ ಹಾಕಿಕೋ. ಅಷ್ಟನ್ನು ಮಾತ್ರ ಶುಚಿ ಮಾಡು. ಇದರಿಂದ ಒರೆಸು. ಬಟ್ಟೆ ಕರಿದಾಗಿಯೇ ಬಂದರೆ, ಯಾವುದರಿಂದ ಶುಚಿ ಮಾಡಿದೆಯೋ ಅದನ್ನೇ ಕೊಳ್ಳೋಣ.”

ಷಡಕ್ಷರಿ ಬಾಗಿಲುಗಳನ್ನೆಲ್ಲ ಹಾಕಿಕೊಂಡ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮೊದಲು ಗುಡಿಸಿದ. ಬಟ್ಟೆ ಬೂದಿ ಬಣ್ಣವಾಗಿ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು ನೋಡಿದ. ಬೂದಿ ಬಣ್ಣ. ಸೋಪುನೀರು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದ. ಬೂದಿ ಬಣ್ಣ, ಈಗ ಇನ್ನೂ ದಟ್ಟ. ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕಿ ಮತ್ತೆ ಬಂದ.

ಏಳನೆಯ ಸಲ ಅವನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರಲ್ಲಿ ಹಳದಿಯ ಸುಳಿವೇ ಇರಲಿಲ್ಲ.

ಆಗ ಗೋಡೆಯಲ್ಲಿದ್ದ ಮೊಳೆಯೊಂದನ್ನು ಕಿತ್ತು ನೆಲದ ಮೇಲೆ ಗೀಚಿದ. ಗೀಚಿದ ಗೆರೆಯ ಎರಡು ಕಡೆಯೂ ಹಿಟ್ಟು ಎದ್ದಿತು. ಇನ್ನೊಂದು ಸಲ ಗೀಚಿದ. ಇನ್ನಷ್ಟು ಹಿಟ್ಟು.

“ಗೀಚ್ಬೇಡಿ ಮರಿದೇವ್ರೇ.”

ಚಿಕ್ಕತಾಯಮ್ಮ ಪಕ್ಕದ ಬಾಗಿಲನ್ನು ಸರಿಸಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಎಷ್ಟ್ ಸಲ ಆಯ್ತು?” ಎಂದು ಕೇಳಿದಳು.

“ಏಳು.”

“ನಂದು ಇಪ್ಪತ್ತು ವರ್ಷ ಆಯ್ತು. ಅದು ಮುಗಿಯಕಿಲ್ಲ.”

“ಗೊತ್ತಿದ್ದೂ ಯಾಕೆ ಗುಡಿಸುತ್ತಿದ್ದೆ ಚಿಕ್ಕತಾಯಮ್ಮ?”

ಅವಳು ಬಾಗಿಲಿಗೆ ಒರಗಿ ಉಸಿರು ಎಳೆದುಕೊಂಡಳು.

“ನಮ್ಮೆಜಮಾನ್ರು ಹಾಕಿದ್ ನೆಲ ಇದು. ಬಂದೋರು ಕಾಲು ಒದ್ರಿಕೊಂಡು, ಇದ್ಯಾವನು ಹಾಕ್ದ ಅಂತ ಕೇಳ್ಬಾರ್ದಲ್ಲ.”

ಷಡಕ್ಷರಿ ಮೊಳೆಯನ್ನು ಕೆಳಗಿಟ್ಟ.

ಸಂಜೆ ಅವನು ನದಿಯ ಮೆಟ್ಟಿಲಲ್ಲಿ ಕೂತಿದ್ದ ಗುರುಗಳ ಬಳಿಗೆ ಹೋದ. ಆ ದೂಳು ಹೊರಗಿನದಲ್ಲ ಎಂದು ಹೇಳಿದ. ನೆಲವೇ ಉದುರುತ್ತಿದೆ, ಗುಡಿಸಿದಷ್ಟೂ ಉದುರುತ್ತದೆ, ಯಂತ್ರದ ಬ್ರಷ್ಷು ಅದನ್ನು ಇನ್ನಷ್ಟು ಕೆರೆಯುತ್ತದೆ. ಯಂತ್ರ ಬೇಡ ಎಂದ.

ಲಾರೆನ್ಸ್‌ನನ್ನೂ ಕೇಳಿದ್ದ. ಮೊಳೆಯ ವಿಷಯ ಕೇಳಿ ಲಾರೆನ್ಸ್ ನಿಜ ಹೇಳಿದ. ಮೇಲಿನ ಸಡಿಲು ಪದರವನ್ನು ನೀರು ಹಾಕಿ ಒಮ್ಮೆ ಪೂರ್ತಿ ಉಜ್ಜಿ ತೆಗೆಯಬೇಕು. ಆಮೇಲೆ ಕಾಂಕ್ರೀಟನ್ನು ಗಟ್ಟಿ ಮಾಡುವ ಒಂದು ದ್ರವ ಬರುತ್ತದೆ. ಅದನ್ನು ಎರಡು ಸಲ ಕುಡಿಸಬೇಕು. ಆಮೇಲೆ ಯಾವ ಯಂತ್ರವೂ ಬೇಡ. ಅಗಲದ ಒಂದು ಮಾಪು, ಒದ್ದೆ ಮಾಡಿ ಹಿಂಡಿ, ನಿಂತುಕೊಂಡೇ ತಳ್ಳಿದರೆ ಸಾಕು. ನಾಲ್ಕು ಲಕ್ಷದ ಗಿರಾಕಿ ಎಂದು ಲಾರಿ ಮಾಡಿಕೊಂಡು ಬಂದಿದ್ದೆ, ಮಾಪು ಮಾರುವ ಹಾಗಾಯಿತು ಎಂದು ತನ್ನ ಹಣೆಯನ್ನೇ ಬೈದುಕೊಂಡನಂತೆ.

“ಮಾಪು ಅವಳು ತಳ್ಳಬಹುದು” ಎಂದ ಷಡಕ್ಷರಿ. “ದೂಳು ಏಳುವುದಿಲ್ಲ.”

ಗುರುಗಳು ತಲೆಯಾಡಿಸಿದರು.

“ಒಂದು ತೊಡಕಿದೆ ಬುದ್ಧಿ. ದ್ರವ ಕುಡಿದ ಮೇಲೆ ಒಂದು ತಿಂಗಳು ನೆಲದ ಮೇಲೆ ಚಕ್ರ ಹಾಯಬಾರದಂತೆ. ಫೆಬ್ರವರಿ ಹತ್ತಕ್ಕೆ ಮೊದಲ ಮೂಟೆಯ ಪೂಜೆ ಇಟ್ಟಿದ್ದೇವೆ. ರೈತರಿಗೆ ಕಾಗದ ಹೋಗಿದೆ. ಒಂದು ವಾರ ಬಿಟ್ಟು ಲಾರಿ ಬಿಡಬಹುದೇ ಎಂದು ಅಂಗಡಿಯವರನ್ನು ಕೇಳಿದೆ. ಬಿಡಬಹುದು, ಪೂರ್ತಿ ಗಟ್ಟಿಯಾಗಿರುವುದಿಲ್ಲ ಅಂದರು. ವಾರಕ್ಕೇ ಲಾರಿ ಒಳಗೆ ಬಿಡೋಣ ಎಂದುಕೊಂಡಿದ್ದೇನೆ.”

“ಪೂಜೆಯನ್ನು ಮುಂದಕ್ಕೆ ಹಾಕು.”

“ರೈತರು ಪಟ್ಟಣದ ಗೋದಾಮಿಗೆ ಹೋಗುತ್ತಾರೆ. ಈ ಹಂಗಾಮಿನ ಬಾಡಿಗೆಯೇ ಹೋಗುತ್ತದೆ. ಊಟ?”

“ಗಂಜಿ ಮಾಡೋಣ.”

ಷಡಕ್ಷರಿ ಸುಮ್ಮನಾಗಲಿಲ್ಲ. ಇಷ್ಟಕ್ಕೂ ಇದು ಮೇಸ್ತ್ರಿಯ ತಪ್ಪು ಎಂದ. ಚಿಕ್ಕತಾಯಮ್ಮನ ಗಂಡನೇ ಇರಬಹುದು, ಸತ್ತವನನ್ನು ಅನ್ನಬಾರದು, ಆದರೂ ಅವನು ಸಿಮೆಂಟು ಸರಿಯಾಗಿ ಹಾಕಿದ್ದರೆ ಅವಳಿಗೂ ಈ ಗತಿ ಬರುತ್ತಿರಲಿಲ್ಲ, ಆಶ್ರಮಕ್ಕೆ ಗಂಜಿಯೂ ಬರುತ್ತಿರಲಿಲ್ಲ.

 ಗುರುಗಳು ನೀರನ್ನು ನೋಡುತ್ತ ಹಿಂದಿನದನ್ನು ಹೇಳಿದರು.

ಮೇಸ್ತ್ರಿಯ ಹೆಸರು ಚೆಲುವಯ್ಯ. ನೆಲ ಹಾಕಿದ ಮಾರನೆಯ ದಿನವೇ ಅವನು ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ. ಇಪ್ಪತ್ತೆಂಟು ದಿನ ಹೀಗೇ ನೀರು ಕುಡಿಯಬೇಕು, ಅಲ್ಲಿಯವರೆಗೆ ಯಾರೂ ಕಾಲಿಡಬಾರದು ಎಂದ. ಒಂಬತ್ತನೆಯ ದಿನಕ್ಕೆ ಪ್ರವೇಶದ ಮುಹೂರ್ತ ಗೊತ್ತಾಗಿತ್ತು. ಪಂಚಾಂಗ ನೋಡಿ ಗೊತ್ತು ಮಾಡಿದವರು ಗುರುಗಳೇ. ಚೆಲುವಯ್ಯ ಬಂದು ಕೈಮುಗಿದು, ಇನ್ನೊಂದು ದಿನ ನೋಡಿ ಬುದ್ಧಿ ಎಂದು ಕೇಳಿದ. ಅಷ್ಟು ಒಳ್ಳೆಯ ಲಗ್ನ ಆ ವರ್ಷ ಮತ್ತೆ ಇರಲಿಲ್ಲ. ಗುರುಗಳು ಅವನಿಗೆ, ಸಿಮೆಂಟು ದೊಡ್ಡದೋ ಮುಹೂರ್ತ ದೊಡ್ಡದೋ ಎಂದು ಕೇಳಿದರು. ಹತ್ತು ಜನ ಶಿಷ್ಯರು ಪಕ್ಕದಲ್ಲಿದ್ದರು.  ಒಂಬತ್ತನೆಯ ದಿನ ಬದು ಒಡೆದು ನೀರು ಬಿಟ್ಟರು. ಅವತ್ತೇ ನಾಲ್ಕು ಲಾರಿ ಒಳಗೆ ಬಂದವು.

ಕೂಲಿ ಕೊಡಲು ಕರೆದಾಗ ಚೆಲುವಯ್ಯ ಬಂದ. ಹಣ ಮುಟ್ಟಲಿಲ್ಲ. ಉದುರುವ ನೆಲಕ್ಕೆ ಕೂಲಿ ತಗೊಂಡರೆ ಕೈಗೆ ಕೆಲಸ ಮರೆತುಹೋಗುತ್ತದೆ ಎಂದು ಹೇಳಿ ಹೊರಟ. ಮುಂದಿನ ವರ್ಷ ಅವನ ಹೆಂಡತಿ ಪೊರಕೆ ಹಿಡಿದುಕೊಂಡು ಬಂದು ಕೆಲಸ ಕೇಳಿದಳು.

“ತಮಗೆ ಗೊತ್ತಿತ್ತು” ಎಂದ ಷಡಕ್ಷರಿ.

“ಅನುಮಾನ ಇತ್ತು. ಮೊಳೆ ಹಿಡಿದು ಗೀಚಿ ನೋಡುವ ಧೈರ್ಯ ಇರಲಿಲ್ಲ. ಅದಕ್ಕೇ ನಿನ್ನನ್ನು ಕಳಿಸಿದೆ.”

ನದಿಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ನೀರಿನಿಂದ ಮೇಲಕ್ಕೆ ಎಬ್ಬಿಸುತ್ತಿದ್ದರು. 

“ಪೂಜೆ ಮುಂದಕ್ಕೆ ಹೋಗಿದೆ ಎಂದು ರೈತರಿಗೆ ನಾಳೆಯೇ ಬರೆಯುತ್ತೇನೆ” ಎಂದ ಷಡಕ್ಷರಿ.

“ಕಾರಣವನ್ನೂ ಬರೆ. ತಪ್ಪು ಮೇಸ್ತ್ರಿಯದಲ್ಲ, ನನ್ನದು ಎಂದು ಬರೆ. ಕಳಿಸುವ ಮೊದಲು ಆ ಕಾಗದವನ್ನು ಚಿಕ್ಕತಾಯಮ್ಮನಿಗೆ ಓದಿ ಹೇಳು. ಬೇಡ. ನಾನೇ ಓದುತ್ತೇನೆ.”

ಷಡಕ್ಷರಿ ಏಳಲು ಹೋಗಿ ಮತ್ತೆ ಕೂತ.

“ಬುದ್ಧಿ, ಚೆಲುವಯ್ಯ ಕೂಲಿ ಮುಟ್ಟಲಿಲ್ಲ ಎಂದಿರಿ. ಹಾಗಾದರೆ ಆ ನೆಲಕ್ಕೆ ಕೊನೆಗೂ ಏನು ಕೊಟ್ಟ ಹಾಗಾಯಿತು?”

ಗುರುಗಳು ಮಡಿಲಿನಿಂದ ಡಾಕ್ಟರ ಚೀಟಿಯನ್ನು ತೆಗೆದು ಅವನ ಕೈಗೆ ಕೊಟ್ಟರು.

“ಚಿಕ್ಕತಾಯಮ್ಮನಿಂದ ಕೊಳವೆ ಊದಿಸಿ ಅಳೆದು ಬರೆದಿದ್ದಾರೆ. ಅರ್ಧ ಉಸಿರು.”