ಪೂಜೆಯ ನೂಲು ಸುತ್ತಿದ ಕಂಪ್ಯೂಟರ್

"ಅಜ್ಜಾರ, ಎಲ್ಲಾ ನೋಡಿದ್ವಿ, ಎಲ್ಲಾ ಬದಲಿ ಮಾಡಿದ್ವಿ. ಆದರೂ ಹುಡುಗರು ಮಠ ಬಿಟ್ಟು ಹೋಗೂದು ನಿಲ್ಲವಲ್ದು. ಯಾಕ್ರಿ?"

ಕೇಳಿದವನು ಚನ್ನವೀರ. ಮಠದ ಪಾಠಶಾಲೆಯ ಉಸ್ತುವಾರಿ ಅವನದು. ಅಂದು ಬೆಳಿಗ್ಗೆ ಮತ್ತೊಬ್ಬ ವಿದ್ಯಾರ್ಥಿ ಹಾಸಿಗೆ ಸುತ್ತಿಕೊಂಡು ಊರಿಗೆ ಹೊರಟುಹೋಗಿದ್ದ. ಹೀಗೇ ನಡೆದರೆ ಪಾಠಶಾಲೆಗೆ ಬೀಗ ಹಾಕಬೇಕಾಗುತ್ತದೆ ಎಂಬ ಚಿಂತೆ ಅವನಿಗೆ ಹತ್ತಿತ್ತು.

"ಏನೇನು ನೋಡಿದಿ?" ಎಂದರು ಗುರುಗಳು.

"ಅಡಿಗಿಯವರನ್ನ ಬದಲಿ ಮಾಡಿದ್ವಿ. ಮಲಗೋ ಕೋಣಿ ಬದಲಿ ಮಾಡಿದ್ವಿ. ಏಳೋ ಹೊತ್ತು ಮುಂದ ಹಾಕಿದ್ವಿ. ಪಾಠ ಅಂತೂ ತಾವ ಹೇಳ್ತೀರಿ, ಅದರಾಗ ನೋಡೂದೇನೈತ್ರಿ? ಹೋದ ಹುಡುಗರ ಸಂಸ್ಕಾರಾನ ಸರಿ ಇಲ್ಲ ಅನಸ್ತದ. ಅದಕ್ಕ ಈಗ ದಿನಾ ಮುಂಜಾನಿ ತಮ್ಮ ಪಾದಪೂಜಿ ಇನ್ನಷ್ಟು ಹೊತ್ತು ಮಾಡಸಾಕತ್ತೀವಿ."

ಗುರುಗಳು ಎದುರಿನ ಚಾಪೆ ತೋರಿಸಿದರು.

"ಕೂಡು. ಒಂದು ಕತಿ ಹೇಳತೀನಿ" ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಹೆಸರು ಕೇಳಬೇಡ. ಹೇಳಿದರೆ ನೀವು ಅವನ ಮನೆ ಹುಡುಕಿಕೊಂಡು ಹೋಗುತ್ತೀರಿ, ಕತೆ ಇಲ್ಲೇ ಉಳಿಯುತ್ತದೆ. ಅವನಿಗೆ ಒಬ್ಬ ಮಗ, ಒಬ್ಬಳು ಸೊಸೆ. ಸೊಸೆ ಬರುವಾಗ ತವರಿನಿಂದ ಒಂದು ಕಂಪ್ಯೂಟರ್ ತಂದಿದ್ದಳು. ಸೀರೆಯ ಅಂಚಿನ ಚಿತ್ತಾರವನ್ನು ಅದರಲ್ಲಿ ಬರೆಯುತ್ತಿದ್ದಳು. ಅವಳು ಬರೆದ ಅಂಚು ಮಾವನ ಮಗ್ಗದ ಮೇಲೆ ಸೀರೆಯಾಗಿ ಇಳಿಯುತ್ತಿತ್ತು. ಸುತ್ತಲಿನ ಊರುಗಳ ನೇಕಾರರೂ ಅವಳ ಬಳಿ ಬಂದು ಅಂಚು ಬರೆಸಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಅವಳಿಗೆ ಸ್ವಂತದ್ದೆಂದು ಇದ್ದದ್ದು ಈ ಕೆಲಸವೊಂದೇ.

ಮಾವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಕತೆ ಹೇಳುವುದು ಸುಲಭವಾಗುತ್ತಿತ್ತು. ಯಂತ್ರ ಅನ್ನ ಕೊಡುತ್ತದೆ ಎಂದು ಕಂಡ ಮೇಲೆ ಅವನು ಅದನ್ನು ದೇವರ ಗೂಡಿನ ಕೆಳಗೇ ಇರಿಸಿದ. ಮಹಾನವಮಿಯ ಆಯುಧಪೂಜೆಯ ದಿನ ಮಗ್ಗಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡಿದ. ಕಂಪ್ಯೂಟರಿನ ಪೆಟ್ಟಿಗೆಗೆ ವಿಭೂತಿ ಬಳಿದ, ಅಕ್ಷತೆ ಹಾಕಿದ. ತಾನೇ ನೇಯ್ದ ಖಣದ ಬಟ್ಟೆ ಹೊದಿಸಿದ. ಬಟ್ಟೆಯ ಮೇಲೆ ಅರಿಶಿಣದ ನೂಲನ್ನು ಸುತ್ತಿ ಸುತ್ತಿ ಗಂಟು ಹಾಕಿದ. ಪೂಜೆಯ ನೂಲು ತಾನಾಗಿ ಹರಿದು ಬೀಳುವವರೆಗೆ ಯಾರೂ ಬಿಚ್ಚಬಾರದು ಎಂಬುದು ಆ ಮನೆಯ ರೂಢಿ. ನೇಕಾರ ಕಟ್ಟಿದ ನೂಲು ಸುಮ್ಮನೆ ಎಲ್ಲಿ ಹರಿಯುತ್ತದೆ? ಅಂದಿನಿಂದ ದಿನವೂ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಲೋಬಾನದ ಹೊಗೆ ಹಾಕತೊಡಗಿದ.

ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಕಂಪ್ಯೂಟರ್ ಕೆಲಸದ ನಡುವೆ ಪಟ್ಟನೆ ಆರಿಹೋಗತೊಡಗಿತು. ಸೊಸೆ ಅರ್ಧ ಅಂಚು ಬರೆದಿರುತ್ತಾಳೆ, ಪರದೆ ಕಪ್ಪಾಗುತ್ತದೆ. ಬರೆದದ್ದು ಹೋಯಿತು.

"ಬಂದ್ ಮಾಡಿ ಚಾಲೂ ಮಾಡು" ಎಂದ ಗಂಡ. ಮಾಡಿದಳು. ನಡೆಯಿತು. ಮತ್ತೆ ಆರಿತು. ಮತ್ತೆ ಬಂದ್ ಮಾಡಿ ಚಾಲೂ ಮಾಡಿದಳು. ಈ ಔಷಧ ಎಲ್ಲರಿಗೂ ಗೊತ್ತು, ಚನ್ನವೀರ. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿದರೆ ಮುಗಿಯಿತೇ? ಯಾಕೆ ಬಿದ್ದೆಯೋ ಎಂದು ಕೇಳುವುದು ಬೇಡವೇ?

ಮಾವನೇ ಅದನ್ನು ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದ. ನೂಲು ಪೂಜೆಯದು, ಮುಟ್ಟಬೇಡಿ ಎಂದ. ಅಂಗಡಿಯವನು ಹಿರಿಯನ ಬಿಳಿ ಮೀಸೆ ನೋಡಿ ಹೂಂ ಎಂದ. ಪೆಟ್ಟಿಗೆ ಬಿಚ್ಚದೆಯೇ ಒಳಗಿನ ಪ್ರೋಗ್ರಾಂಗಳನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ. ಅವುಗಳ ಜೊತೆಗೆ ಸೊಸೆ ಬರೆದಿಟ್ಟಿದ್ದ ಅಂಚುಗಳೂ ಅಳಿಸಿಹೋದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅಂಗಡಿಯಲ್ಲಿ ಯಂತ್ರ ಇಡೀ ದಿನ ಆರಲಿಲ್ಲ. ಯಾಕೆ ಆರುತ್ತದೆ? ಅಲ್ಲಿ ಅದಕ್ಕೆ ಕೆಲಸವನ್ನೇ ಕೊಟ್ಟಿರಲಿಲ್ಲ. ಸುಮ್ಮನೆ ಕುಳಿತವನು ಎಲ್ಲಿ ಬೆವರುತ್ತಾನೆ? ಯಂತ್ರದಲ್ಲಿ ಏನೂ ದೋಷವಿಲ್ಲ ಎಂದು ಹೇಳಿ ಕಳಿಸಿದ.

ಮನೆಗೆ ಬಂದಿತು. ಸೊಸೆ ಕುಳಿತಳು. ಆರಿತು.

ಗಂಡ ಅದರಲ್ಲಿ ನಾಲ್ಕು ಹಾಡು ಕೇಳಿದರೆ ಆರುವುದಿಲ್ಲ. ಮಾವ ಒಂದು ಪ್ರವಚನ ನೋಡಿದರೆ ಆರುವುದಿಲ್ಲ. ಸೊಸೆ ಕುಳಿತರೆ ಮಾತ್ರ ಆರುತ್ತದೆ. ಹಾಡು ಕೇಳುವುದಕ್ಕೂ ಇಡೀ ಹೊತ್ತು ಚಿತ್ತಾರ ಬರೆಯುವುದಕ್ಕೂ ಯಂತ್ರ ಪಡುವ ಶ್ರಮ ಒಂದೇ ಅಲ್ಲ ಎಂದು ಯಾರೂ ಯೋಚಿಸಲಿಲ್ಲ. ಊರಿನವರು ತೀರ್ಪು ಕೊಟ್ಟುಬಿಟ್ಟರು. ಯಂತ್ರ ಒಳ್ಳೆಯದು, ಸೊಸೆಯ ಕೈಗುಣ ಒಳ್ಳೆಯದಲ್ಲ. ಅಂಚು ಬರೆಸಲು ಬರುತ್ತಿದ್ದವರು ಬಾಗಿಲ ತನಕ ಬಂದು ತಿರುಗಿ ಹೋಗತೊಡಗಿದರು.

ಮಾವ ನಿಂಬೆಹಣ್ಣು ಇಳಿಸಿದ. ಬೆಳಿಗ್ಗೆ ಮಾತ್ರ ಇದ್ದ ಲೋಬಾನ ಸಂಜೆಗೂ ಬಂದಿತು. ಯಂತ್ರ ಆರಿದಷ್ಟೂ ಹೊಗೆ ಹೆಚ್ಚಾಯಿತು. ಹೊಗೆ ಹೆಚ್ಚಾದಷ್ಟೂ ಯಂತ್ರ ಬೇಗ ಆರತೊಡಗಿತು. ನಗಬೇಡ, ಚನ್ನವೀರ. ಕತೆ ಇನ್ನೂ ಇದೆ.

ಕೊನೆಗೆ ಮಾವ ಹೇಳಿದ: "ಯುಗಾದಿ ತನಕ ನೋಡೂಣು. ಆಮ್ಯಾಲೂ ಹಿಂಗಾ ಆದ್ರ ಇದನ್ನ ಯಾರಿಗರ ಕೊಟ್ಟುಬಿಡೂದು. ನೀ ಕಂಡಿಕಿ ಸುತ್ತಕೋಂತ ಇರು."

ಕಂಡಿಕೆ ಸುತ್ತುವುದೆಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಡುವ ಕೆಲಸ. ಕೀಳು ಕೆಲಸವೇನೂ ಅಲ್ಲ. ಆದರೆ ಅಂಚು ಬರೆಯುವವಳನ್ನು ಅಂಚಿನಿಂದ ಎಬ್ಬಿಸಿ ಅಲ್ಲಿ ಕೂರಿಸಿದರೆ ಅದು ಶಿಕ್ಷೆಯೇ.

"ದೋಷ ಯಂತ್ರದಾಗ ಐತ್ರಿ ಮಾವಾರ. ನನ್ನ ಕೈಯಾಗಿಲ್ಲ" ಎಂದಳು ಸೊಸೆ.

"ಕುಣೀಲಾರದಾಕಿ ನೆಲ ಡೊಂಕು ಅಂದಿದ್ದಳಂತ."

"ಹಂಗಾದ್ರ ನೆಲಾನ ನೋಡತೀನ್ರಿ. ಡೊಂಕಿದ್ರ ಡೊಂಕು ಅಂತ ಹೇಳಾಕಿನ."

ಆ ಮನೆಯಲ್ಲಿ ಮಾವನಿಗೆ ಯಾರೂ ಹಾಗೆ ಮಾತನಾಡಿರಲಿಲ್ಲ. ಗಂಡ ತಲೆ ತಗ್ಗಿಸಿದ. ಅವಳು ತಗ್ಗಿಸಲಿಲ್ಲ.

ಅವಳಿಗೆ ಯಂತ್ರದ ಒಳಗಿನ ವಿದ್ಯೆ ಗೊತ್ತಿರಲಿಲ್ಲ. ಆದರೆ ಒಂದು ನಿಯಮ ಹಾಕಿಕೊಂಡಳು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿ ಕಾದು ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪಿತಸ್ಥ ಯಾರೆಂದು ತಿಳಿಯುವುದಿಲ್ಲ. ಮೊದಲು ಮಗ್ಗದ ಕೋಣೆಯಿಂದ ಬೇರೆ ತಂತಿ ಎಳೆದು ಕರೆಂಟು ಕೊಟ್ಟಳು. ಆರಿತು. ಕರೆಂಟಿನ ಮೇಲಿನ ಅನುಮಾನ ಹೋಯಿತು. ಚಿತ್ತಾರ ಬರೆಯುವ ಹೊಸ ಪ್ರೋಗ್ರಾಂ ಬಿಟ್ಟು ಹಳೆಯದರಲ್ಲಿ ಬರೆದಳು. ಸ್ವಲ್ಪ ತಡವಾಗಿ ಆರಿತು, ಆದರೆ ಆರಿತು. ಆಮೇಲೆ ಗಂಡನನ್ನು ಕೂರಿಸಿದಳು. ತಾನು ಪಕ್ಕದಲ್ಲಿ ನಿಂತು ಒಂದೊಂದು ಗೆರೆ ಹೇಳಿಕೊಟ್ಟಳು. ಅವನು ಬರೆಯುತ್ತ ಹೋದ. ಅವನ ಕೈಯಲ್ಲೂ ಆರಿತು.

"ಈಗ ಯಾರ ಕೈರಿ?" ಎಂದಳು ಮಾವನಿಗೆ.

"ನೀ ಬಾಜೂಕ ನಿಂತಿದ್ದೆಲ್ಲ" ಎಂದ ಮಾವ.

ನೋಡು. ತೀರ್ಪನ್ನು ಮೊದಲೇ ಕೊಟ್ಟವರಿಗೆ ಸಾಕ್ಷಿ ತೋರಿಸಿ ಏನು ಪ್ರಯೋಜನ? ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಕೋಪ ಬಂದಿತು. ಏಳಲು ಹೋಗುತ್ತಿದ್ದ ಗಂಡನಿಗೆ ದಾರಿ ಬಿಡಲು ಹಿಂದೆ ಸರಿದವಳು ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡಳು. ಖಣದ ಬಟ್ಟೆಯ ಮೇಲಿನಿಂದಲೇ ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು.

ಅಷ್ಟು ದಿನ ಆ ಪೆಟ್ಟಿಗೆಗೆ ಎಲ್ಲರೂ ಕೈಮುಗಿದಿದ್ದರು. ಯಾರೂ ಕೈಯಿಟ್ಟು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಅವಳು ಮಗ್ಗದ ಕೋಣೆಗೆ ಹೋಗಿ ಕತ್ತರಿ ತಂದಳು. ಮಾವ ಎದ್ದು ಪೆಟ್ಟಿಗೆಗೆ ಅಡ್ಡ ನಿಂತ.

"ಅದು ನಾ ಕಟ್ಟಿದ ನೂಲು."

"ಅದಕ್ಕಾ ನಿಮ್ಮ ಕಣ್ಣ ಮುಂದ ಕತ್ತರಸ್ತೀನ್ರಿ. ನೀವು ಇಲ್ಲದಾಗ ಕತ್ತರಿಸಿದ್ರ ಅದು ಕಳವು."

"ಕತ್ತರಿಸಿದ ಮ್ಯಾಲೂ ಆರಿದ್ರ?"

"ನಾಳಿಂದ ಕಂಡಿಕಿ ಮುಂದ ಕುಂದರತೀನಿ. ಈ ಮಾತು ಮತ್ತ ಎತ್ತೂದಿಲ್ಲ."

ಮಾವ ಸರಿಯಲಿಲ್ಲ. ಅವನು ಸರಿಯಲಿ ಎಂದು ಅವಳು ಕಾಯಲೂ ಇಲ್ಲ. ಪಕ್ಕದಿಂದ ಬಗ್ಗಿ ತಂತಿ ಕಿತ್ತಳು, ನೂಲಿಗೆ ಕತ್ತರಿ ಹಾಕಿದಳು. ಅವಳು ಅಪ್ಪಣೆ ಕೇಳಿದಳು ಎಂದು ತಿಳಿಯಬೇಡ. ತಿಳಿಸಿದ್ದಳು, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸ ನಿಮ್ಮಂಥ ಒಳ್ಳೆಯ ಶಿಷ್ಯರಿಗೆ ಬೇಗ ಗೊತ್ತಾಗುವುದಿಲ್ಲ.

ಬಟ್ಟೆ ತೆಗೆದಳು. ಸ್ಕ್ರೂ ತಿರುಗಿಸಿ ಪೆಟ್ಟಿಗೆಯ ಪಕ್ಕೆ ಬಿಚ್ಚಿದಳು. ಒಳಗೆ ಗಾಳಿ ಆಡಿಸುವ ಒಂದು ಸಣ್ಣ ಫ್ಯಾನ್ ಇರುತ್ತದೆ. ಯಂತ್ರ ದುಡಿದು ಕಾದಾಗ ತಣಿಸುವುದು ಅದರ ಕೆಲಸ. ಲೋಬಾನದ ಮಸಿ ಅಂಟಿ ಅದು ತಿರುಗದೆ ನಿಂತಿತ್ತು. ರೆಕ್ಕೆಗಳ ನಡುವೆ ಅಕ್ಷತೆಯ ಕಾಳು ಸಿಕ್ಕಿಕೊಂಡಿದ್ದವು. ಗಾಳಿಯ ಕಿಂಡಿಗಳಲ್ಲಿ ವಿಭೂತಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಬಟ್ಟೆ ಬೇರೆ. ಒಳಗೆ ಕಾವು ಏರಿದಾಗ, ಇನ್ನು ದುಡಿದರೆ ಸುಟ್ಟುಹೋಗುತ್ತೇನೆ ಎನ್ನುವ ಹೊತ್ತಿಗೆ ಯಂತ್ರ ತಾನಾಗಿಯೇ ಆರಿಕೊಳ್ಳುತ್ತಿತ್ತು. ಆರುವುದೇ ಅದು ಬದುಕಿಕೊಳ್ಳುವ ದಾರಿಯಾಗಿತ್ತು. ಅದನ್ನು ಎಲ್ಲರೂ ರೋಗ ಎಂದಿದ್ದರು.

ಸೊಸೆ ಕುಂಚದಿಂದ ಎಲ್ಲವನ್ನೂ ಗುಡಿಸಿ ಆರತಿಯ ತಟ್ಟೆಗೆ ಹಾಕಿದಳು. ಮಸಿ, ಬೂದಿ, ಅಕ್ಕಿಕಾಳು, ಒಣಗಿದ ಚೆಂಡುಹೂವಿನ ಎಸಳು. ತಟ್ಟೆಯನ್ನು ಮಾವನ ಮುಂದೆ ಇಟ್ಟಳು.

"ನಿಮ್ಮ ಭಕ್ತಿ ಸುಳ್ಳಲ್ರಿ ಮಾವಾರ. ಆದ್ರ ಮಗ್ಗಕ್ಕ ಉಸಿರಿಲ್ಲ. ಇದಕ್ಕ ಐತಿ."

ಪಕ್ಕೆ ಮುಚ್ಚಿ ತಂತಿ ಸಿಕ್ಕಿಸಿದಳು. ಫ್ಯಾನ್ ಸದ್ದು ಮಾಡಿತು. ಮತ್ತೆ ಮತ್ತೆ ಅರ್ಧಕ್ಕೇ ಹೋಗಿದ್ದ ಅಂಚನ್ನು ಮೊದಲ ಗೆರೆಯಿಂದ ಬರೆಯಲು ಕುಳಿತಳು. ಮಾವ ಅವಳ ಬೆನ್ನ ಹಿಂದೆ ನಿಂತ. ಅವನು ಕಾಯುತ್ತಿದ್ದದ್ದು ಆರುವುದನ್ನೇ. ಅದು ಅವಳಿಗೂ ಗೊತ್ತಿತ್ತು. ತಿರುಗಿ ನೋಡಲಿಲ್ಲ, ಬರೆದಳು. ಎಲ್ಲಿ ಪ್ರತಿ ಸಲ ಪರದೆ ಕಪ್ಪಾಗುತ್ತಿತ್ತೋ ಆ ಜಾಗ ಬಂದಿತು. ಅವಳ ಕೈ ಒಂದು ಗಳಿಗೆ ತಡೆಯಿತು. ಮುಂದಿನ ಗೆರೆ ಎಳೆದಳು. ಆರಲಿಲ್ಲ. ಅಂಚು ಮುಗಿಯಿತು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಮಾವ ಲೋಬಾನದ ಧೂಪಾರತಿ ಎತ್ತಿಕೊಂಡು ಹೋಗಿ ಬೇರೆ ಗೋಡೆಯ ಬಳಿ ಇಟ್ಟ. ತಪ್ಪಾಯಿತು ಎನ್ನಲಿಲ್ಲ. ಅವನು ಅನ್ನಲಿ ಎಂದು ಅವಳು ಕಾಯಲಿಲ್ಲ. ಕಾಯುವಷ್ಟು ಬಿಡುವು ಅವಳಿಗೆ ಇರಲಿಲ್ಲ, ಅಳಿಸಿಹೋದ ಅಂಚುಗಳನ್ನೆಲ್ಲ ಮತ್ತೆ ಬರೆಯಬೇಕಿತ್ತು. ಮುಂದಿನ ಮಹಾನವಮಿಗೆ ಮಾವ ಅರಿಶಿಣದ ನೂಲು ಹಿಡಿದು ಬಂದ. ಸೊಸೆ ಮೇಜಿನ ಕಾಲು ತೋರಿಸಿದಳು. ಅವನು ಅಲ್ಲಿಯೇ ಕಟ್ಟಿದ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಮುಖ ಅರಳಿತ್ತು. "ತಿಳೀತ್ರಿ ಅಜ್ಜಾರ. ಒಂದೊಂದಾಗಿ ನೋಡಬೇಕು. ನಾಳಿಂದ ಮತ್ತ ಮೊದಲಿಂದ ನೋಡತೀವಿ. ಅಡಿಗಿ, ಕೋಣಿ, ಏಳೋ ಹೊತ್ತು, ಒಂದೂ ಬಿಡೂದಿಲ್ಲ" ಎಂದ. ಎಂದಿನಂತೆ ಪಾದ ಮುಟ್ಟಲು ಬಗ್ಗಿದ.

ಗುರುಗಳು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು.

"ಕಾಲು ಮುಟ್ಟಿದ್ದು ಸಾಕು ಚನ್ನವೀರ, ನನ್ನ ಪಾಠದ ಮ್ಯಾಲ ಕೈಯಿಟ್ಟು ನೋಡು, ಸುಡತೈತೇನು ಹೇಳು."

ಚನ್ನವೀರನ ಚಾಚಿದ ಕೈ ಚಾಚಿದಲ್ಲೇ ನಿಂತಿತು.